ದಾಸವಾಳವೋ ಬೋಗನ್‌ವಿಲ್ಲಾವೋ? ಎರಡಕ್ಕೂ ನೀರು ಹಾಕುವವಳ ಲೆಕ್ಕ

ಮನೆ ಮುಂದೆ ಒಂದೇ ಒಂದು ಹೂವಿನ ಗಿಡಕ್ಕೆ ಜಾಗ ಇದೆ, ದಾಸವಾಳ ಹಾಕಲಾ ಬೋಗನ್‌ವಿಲ್ಲಾ ಹಾಕಲಾ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಗಿಡದ ಸುದ್ದಿಗೇ ಹೋಗುವುದಿಲ್ಲ. ಮನೆಯ ಸುದ್ದಿ ಕೇಳುತ್ತೇನೆ. ಬೆಳಿಗ್ಗೆ ದೇವರಿಗೆ ಹೂವು ಬೇಕು ಅನ್ನುವವರು ಇದ್ದಾರಾ? ಬೇಸಿಗೆ ರಜೆಯಲ್ಲಿ ಬೀಗ ಹಾಕಿಕೊಂಡು ಊರಿಗೆ ಹೋಗುತ್ತೀರಾ? ಗಿಡಕ್ಕೆ ನೀರು ಹಾಕುವುದು ಯಾರು? ಪಕ್ಕದ ಮನೆಯವರ ಜೊತೆ ಹೇಗಿದ್ದೀರಿ? ಕೊನೇ ಪ್ರಶ್ನೆ ಕೇಳಿದರೆ ಎಲ್ಲರೂ ನಗುತ್ತಾರೆ. ಬೋಗನ್‌ವಿಲ್ಲಾ ಬೆಳೆಸಿದವರು ಮಾತ್ರ ನಗುವುದಿಲ್ಲ.

ನಮ್ಮದು ಮೈಸೂರು. ಮೂವತ್ತು ನಲವತ್ತರ ಸೈಟು, ಪಶ್ಚಿಮಕ್ಕೆ ಮುಖ, ಮಧ್ಯಾಹ್ನದಿಂದ ಸಂಜೆವರೆಗೆ ಮನೆ ಮುಂದೆ ಚುರುಗುಟ್ಟುವ ಬಿಸಿಲು. ಗೇಟಿನ ಎಡಗಡೆ ರಾಣಿ ಬಣ್ಣದ ಬೋಗನ್‌ವಿಲ್ಲಾ ಇದೆ. ಬಲಮೂಲೆಯಲ್ಲಿ ಕೆಂಪು ದಾಸವಾಳ ಇದೆ. ತಾರಸಿಯ ಮೇಲೆ ಕುಂಡಗಳಲ್ಲಿ ಎರಡೂ ಜಾತಿಯ ಇನ್ನೊಂದಷ್ಟು ಗಿಡಗಳಿವೆ. ನಮ್ಮ ಅತ್ತೆ ದಾಸವಾಳದ ಪಾರ್ಟಿ. ಮಗಳು ಬೋಗನ್‌ವಿಲ್ಲಾ ಪಾರ್ಟಿ, ಅದರ ಮುಂದೆ ನಿಂತರೆ ಫೋಟೋ ಚೆನ್ನಾಗಿ ಬರುತ್ತದಂತೆ. ನಾನು ನೀರು ಹಾಕುವ ಪಾರ್ಟಿ. ಹಾಗಾಗಿ ನನ್ನ ಮಾತಿಗೆ ಸ್ವಲ್ಪ ಬೆಲೆ ಕೊಡಿ.

ದಾಸವಾಳದಿಂದ ಶುರು ಮಾಡುತ್ತೇನೆ, ಯಾಕೆಂದರೆ ಮನೆಗೆ ಮೊದಲು ಬಂದದ್ದು ಅದೇ. ಐದೆಸಳಿನ ಊರ ದಾಸವಾಳ. ನರ್ಸರಿಯಿಂದ ತಂದದ್ದಲ್ಲ. ಅತ್ತೆ ತಮ್ಮ ತವರು ನಂಜನಗೂಡಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಕಡ್ಡಿ. ಖರ್ಚು ಸೊನ್ನೆ. ಈ ಜಾತಿ ಬೀಜ ಕಟ್ಟುವುದು ತೀರಾ ಅಪರೂಪ, ಕಡ್ಡಿಯಿಂದ ಕಡ್ಡಿಗೇ ಅದರ ವಂಶ ನಡೆಯುವುದು. ನಮ್ಮ ಗಿಡ ಈಗ ಕಾಂಪೌಂಡಿಗಿಂತ ಎತ್ತರ ಇದೆ. ನೀರು, ಬಿಸಿಲು, ಒಂದಿಷ್ಟು ಗೊಬ್ಬರ ಸಿಕ್ಕರೆ ವರ್ಷದ ಯಾವ ತಿಂಗಳಲ್ಲೂ ಹೂವಿಲ್ಲ ಅನ್ನುವುದಿಲ್ಲ. ಚಳಿಗಾಲದಲ್ಲಿ ಸ್ವಲ್ಪ ಕಮ್ಮಿ, ಹೂವೂ ಸ್ವಲ್ಪ ಸಣ್ಣದು. ಆದರೆ ಪೂರ್ತಿ ನಿಲ್ಲಿಸಿದ್ದು ನಾನು ನೋಡಿಲ್ಲ.

ದಾಸವಾಳದ ಮೇಲೆ ಸಾಮಾನ್ಯವಾಗಿ ಇರುವ ದೂರು, ಹೂವು ಒಂದೇ ದಿನ ಅನ್ನುವುದು. ನಿಜ. ಬೆಳಿಗ್ಗೆ ಅರಳುತ್ತದೆ, ರಾತ್ರಿಯೊಳಗೆ ಸುತ್ತಿಕೊಳ್ಳುತ್ತದೆ, ಆಮೇಲೆ ತೊಟ್ಟಿನ ಸಮೇತ ಉದುರುತ್ತದೆ. ಆದರೆ ಇದಕ್ಕೆ ಇನ್ನೊಂದು ಮಗ್ಗುಲಿದೆ. ಗಿಡದಲ್ಲಿ ಬಿಟ್ಟರೂ ಅದಕ್ಕೆ ಅಷ್ಟೇ ಆಯಸ್ಸು, ಕಿತ್ತು ತಟ್ಟೆಯಲ್ಲಿಟ್ಟರೂ ಅಷ್ಟೇ ಆಯಸ್ಸು. ನೀರಿನಲ್ಲೂ ಇಡಬೇಕಿಲ್ಲ. ದೇವರ ತಲೆ ಮೇಲೆ ಇಟ್ಟದ್ದು ಸಂಜೆ ದೀಪ ಹಚ್ಚುವ ಹೊತ್ತಿಗೂ ಬಿರಿದುಕೊಂಡೇ ಇರುತ್ತದೆ. ಕಿತ್ತರೆ ಗಿಡಕ್ಕೆ ಏನೂ ನಷ್ಟವಿಲ್ಲ ಅನ್ನುವ ಹೂವು ಎಷ್ಟಿವೆ ಹೇಳಿ.

ಈ ಗುಣ ನಮಗೆ ಮಾತ್ರ ಗೊತ್ತಿದ್ದಿದ್ದರೆ ಚೆನ್ನಾಗಿತ್ತು. ವಾಕಿಂಗ್ ಬರುವವರಿಗೂ ಗೊತ್ತು. ಬೆಳಕು ಹರಿಯುವ ಮುಂಚೆ, ಕೈಯಲ್ಲಿ ಪ್ಲಾಸ್ಟಿಕ್ ಕವರ್, ತುದಿ ಬಾಗಿದ ಒಂದು ಕೋಲು. ನಮ್ಮ ಬೀದಿಯಲ್ಲಿ ಇವರದ್ದೇ ಒಂದು ಸಂಘ ಇದೆ ಅನ್ನಿಸುತ್ತದೆ. ಒಂದು ದಿನ ಅತ್ತೆ ಬಾಗಿಲ ಹಿಂದೆ ಕಾದಿದ್ದು ಒಬ್ಬರನ್ನು ಹಿಡಿದೇಬಿಟ್ಟರು. "ಕದ್ದ ಹೂವು ದೇವರಿಗೆ ಸೇರುತ್ತೇನ್ರೀ?" ಅಂತ ಇವರು. "ಗಿಡ ನಿಮ್ಮದೇ ಅಮ್ಮಾ, ಇಲ್ಲ ಅಂದವರಾರು? ಕೊಂಬೆ ಮಾತ್ರ ರಸ್ತೆಗೆ ಬಂದಿದೆ ಅಲ್ವಾ" ಅಂತ ಅವರು. ಸಂಕಷ್ಟಿ ದಿನ ಮತ್ತು ಆಷಾಢ ಶುಕ್ರವಾರಗಳಲ್ಲಿ ಅವರ ಹಾಜರಿ ಜಾಸ್ತಿ. ಗಣಪತಿಗೂ ಕೆಂಪು ಬೇಕು, ಚಾಮುಂಡಿಗೂ ಕೆಂಪು ಬೇಕು.

ಅತ್ತೆ ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ನಾಳೆ ಅರಳುವ ಮೊಗ್ಗು ಇವತ್ತು ಸಂಜೆಯೇ ಗೊತ್ತಾಗುತ್ತದೆ. ಹಸಿರು ಬಟ್ಟಲಿನಿಂದ ಕೆಂಪು ತುದಿ ಉದ್ದಕ್ಕೆ ಹೊರಗೆ ಬಂದು ಬಿಗಿಯಾಗಿ ತಿರುಚಿಕೊಂಡಿರುತ್ತದೆ. ಅಂಥವನ್ನು ಮುಸ್ಸಂಜೆಗೇ ಬಿಡಿಸಿ ಸ್ಟೀಲ್ ತಟ್ಟೆಯಲ್ಲಿ ಹರಡಿ ಇಟ್ಟರೆ ಬೆಳಿಗ್ಗೆ ಅಲ್ಲೇ ಅರಳಿರುತ್ತವೆ. ಗಿಡದ ಮೇಲೆ ಅರಳಿದಷ್ಟು ಅಗಲ ಬರುವುದಿಲ್ಲ, ಆದರೆ ಪೂಜೆಗೆ ಏನೂ ಕಮ್ಮಿಯಿಲ್ಲ. ದಾಸವಾಳ ಹಾಕುವವರು ಈ ಉಪಾಯವನ್ನು ಗಿಡದ ಜೊತೆಗೇ ತಗೊಳ್ಳಿ.

ಇನ್ನೊಬ್ಬ ಕಳ್ಳ ಇದ್ದಾನೆ, ಅವನನ್ನು ಮಾತ್ರ ಯಾರೂ ಬೈಯುವುದಿಲ್ಲ. ಸೂರಕ್ಕಿ. ಹೆಬ್ಬೆರಳುದ್ದದ ಹಕ್ಕಿ, ಬಾಗಿದ ಕೊಕ್ಕು. ಅಡಿಗೆಮನೆ ಕಿಟಕಿಯಿಂದ ನೋಡುತ್ತಾ ನಿಂತರೆ ಹಾಲು ಉಕ್ಕಿದ್ದೂ ಗೊತ್ತಾಗುವುದಿಲ್ಲ. ದಾಸವಾಳದ ಮುಂಭಾಗದಲ್ಲಿ ಕೇಸರದ ದಂಡ ಇದೆಯಲ್ಲ, ಹಳದಿ ಪರಾಗ ಮೆತ್ತಿಕೊಂಡು, ತುದಿಯಲ್ಲಿ ಐದು ಕೆಂಪು ಗುಂಡುಗಳನ್ನಿಟ್ಟುಕೊಂಡು? ಅದು ಅಷ್ಟುದ್ದ ಹೊರಗೆ ಚಾಚಿರುವುದೇ ಬಂದವರ ಮೈಗೆ ಪರಾಗ ತಾಗಲಿ ಅಂತ. ಸೂರಕ್ಕಿ ಆ ಕಡೆ ತಲೆಯೇ ಹಾಕುವುದಿಲ್ಲ. ಪಕ್ಕದ ಕಡ್ಡಿಗೆ ಜೋತುಬಿದ್ದು, ಹೂವಿನ ಬುಡದ ಹಸಿರು ಬಟ್ಟಲಿನ ಹತ್ತಿರ ಕೊಕ್ಕು ಚುಚ್ಚಿ ಮಕರಂದ ಹೀರಿ ಹಾರುತ್ತದೆ. ಹೂವಿನ ಅಷ್ಟೆಲ್ಲ ಏರ್ಪಾಡು ದಂಡ. ಉದುರಿದ ಹೂವಿನ ಬುಡ ನೋಡಿದರೆ ಆ ಸಣ್ಣ ತೂತು ಕಾಣುತ್ತದೆ. ಬೋಗನ್‌ವಿಲ್ಲಾಕ್ಕೆ ಚಿಟ್ಟೆ ಬರುತ್ತವೆ, ಬಂದು ಹೋಗುತ್ತವೆ. ಹಕ್ಕಿ ನೋಡುವ ಆಸೆಯಿದ್ದರೆ ದಾಸವಾಳವೇ.

ಅಡಿಗೆಮನೆ ಅಂದೆನಲ್ಲ, ಅಲ್ಲೂ ಅದರ ಪಾಲಿದೆ. ಕೆಂಪು ಎಸಳು ಬಿಸಿನೀರಿಗೆ ಹಾಕಿದರೆ ನೀರು ಮಂಕು ನೇರಳೆ ಬಣ್ಣಕ್ಕೆ ತಿರುಗುತ್ತದೆ. ನಿಂಬೆಹಣ್ಣು ಹಿಂಡಿದ ಕ್ಷಣ ಝಗ್ಗನೆ ಕೆಂಪು. ಬೆಲ್ಲ ಹಾಕಿ ಶರಬತ್ತು ಮಾಡಿಕೊಟ್ಟರೆ ಮಕ್ಕಳು ಬಣ್ಣ ನೋಡಿಯೇ ಕುಡಿಯುತ್ತಾರೆ. ಎಲೆ ಅರೆದರೆ ಲೋಳೆ ಲೋಳೆ. ಬೆಂಡೆಕಾಯಿಯ ಕುಟುಂಬವೇ ಅಲ್ವಾ, ಹತ್ತಿಯೂ ಅದೇ ಕುಟುಂಬ. ತಲೆಗೆ ಸೀಗೆಕಾಯಿ ಜೊತೆ ಆ ಲೋಳೆ ಹಚ್ಚಿಕೊಂಡರೆ ಕೂದಲು ನಯ ಅನ್ನುತ್ತಾರೆ ಅತ್ತೆ. ಅವರ ಕೂದಲು ನೋಡಿದರೆ ಎದುರು ಮಾತಾಡಲು ಆಗುವುದಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ಹಿಟ್ಟುತಿಗಣೆಯ ವಿಷಯ ಹೇಳದಿದ್ದರೆ ಮೋಸ. ದಾಸವಾಳ ಬೆಳೆಸುವುದು ಅಂದರೆ ಅರ್ಧ ಕೆಲಸ ಹಿಟ್ಟುತಿಗಣೆ ಕಾಯುವುದು. ಚಿಗುರು ತುದಿಯಲ್ಲಿ, ಮೊಗ್ಗಿನ ತೊಟ್ಟಿನಲ್ಲಿ, ಎಲೆಯ ಅಡಿಯಲ್ಲಿ ಬಿಳಿ ಹತ್ತಿ ಅಂಟಿದ ಹಾಗೆ ಕಾಣುತ್ತದೆ. ಚಿಗುರು ಮುದುಡುತ್ತದೆ, ಎಲೆ ಗಂಟುಗಂಟಾಗುತ್ತದೆ, ಮೊಗ್ಗು ಅರಳದೆ ಉದುರುತ್ತದೆ. ಬೇಸಿಗೆ ಶುರುವಾದರೆ ಇದರ ಕಾಟ ಶುರು. ಇರುವೆ ಸಾಲು ಗಿಡ ಹತ್ತುತ್ತಿದ್ದರೆ ಎಚ್ಚರವಾಗಿ. ತಿಗಣೆ ಬಿಡುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ, ಅದರ ಶತ್ರುಗಳನ್ನು ಓಡಿಸುತ್ತವೆ. ಅದಕ್ಕೇ ಮೊದಲು ಇರುವೆ ಹತ್ತದ ಹಾಗೆ ನೋಡಿಕೊಳ್ಳಬೇಕು. ನಾನು ಮಾಡುವುದಿಷ್ಟು: ತೀರಾ ಹಾಳಾದ ತುದಿ ಕತ್ತರಿಸಿ ಕವರಿಗೆ ಹಾಕಿ ಗಂಟು ಕಟ್ಟುವುದು. ಪೈಪಿನಲ್ಲಿ ಜೋರಾಗಿ ನೀರು ಹೊಡೆದು ಉಳಿದದ್ದನ್ನು ತೊಳೆಯುವುದು. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಅದು ಬೆರೆಯಲಿ ಅಂತ ಕೆಲವು ಹನಿ ಪಾತ್ರೆ ತೊಳೆಯುವ ಸೋಪಿನ ದ್ರಾವಣ, ಸಂಜೆ ಬಿಸಿಲಿಳಿದ ಮೇಲೆ ಎಲೆಯ ಅಡಿಗೆ ತಾಗುವ ಹಾಗೆ ಸ್ಪ್ರೇ. ವಾರ ಬಿಟ್ಟು ಮತ್ತೆ. ಒಂದೇ ಸಲಕ್ಕೆ ಹೋಗುತ್ತದೆ ಅಂತ ಯಾರಾದರೂ ಅಂದರೆ ನಂಬಬೇಡಿ. ಅಡಿಗೆಗೆ, ತಲೆಗೆ ಬಳಸುವ ಗಿಡಕ್ಕೆ ಅದಕ್ಕಿಂತ ಖಾರದ ಔಷಧಿ ಹೊಡೆಯಲು ನನಗೆ ಮನಸ್ಸಾಗುವುದಿಲ್ಲ.

ನೀರಿನ ವಿಷಯದಲ್ಲೂ ದಾಸವಾಳ ನಾಜೂಕು. ನೆಲದಲ್ಲಿರುವುದು ಹೇಗೋ ತಡೆದುಕೊಳ್ಳುತ್ತದೆ. ಕುಂಡದ್ದಕ್ಕೆ ಏಪ್ರಿಲ್ ಬಿಸಿಲಲ್ಲಿ ದಿನಾ ನೀರು ಬೇಕೇ ಬೇಕು. ತಪ್ಪಿದರೆ ಎಲೆ ಹಳದಿ, ಮೊಗ್ಗು ನೆಲಕ್ಕೆ. ಗೊಬ್ಬರಕ್ಕೆ ಕೊಟ್ಟಿಗೆ ಗೊಬ್ಬರ ಸಾಕು, ಹೂವಿಗಾಗಿ ಪೊಟ್ಯಾಶ್ ಇರಲಿ. ಮೂಳೆಪುಡಿ ಸುರಿಯಬೇಡಿ, ಅದರಲ್ಲಿರುವುದು ಹೆಚ್ಚಾಗಿ ರಂಜಕ. ಗುಲಾಬಿಗೆ ಕೊಟ್ಟಂತೆ ಇದಕ್ಕೂ ರಂಜಕ ಜಾಸ್ತಿ ಕೊಟ್ಟರೆ ಇದಕ್ಕೆ ಆಗಿಬರುವುದಿಲ್ಲ.

ನರ್ಸರಿಯಲ್ಲಿ ಈಗ ಎಲ್ಲರ ಕಣ್ಣು ಹೈಬ್ರಿಡ್ ದಾಸವಾಳದ ಮೇಲೆ. "ಪುಣೆ ವೆರೈಟಿ ಮೇಡಂ, ತಟ್ಟೆಯಷ್ಟಗಲ ಬರುತ್ತೆ" ಅಂತಾರೆ. ಸುಳ್ಳೇನಲ್ಲ. ಹಳದಿಯಲ್ಲಿ ಕೆಂಪು ಕಣ್ಣು, ಕಿತ್ತಳೆಯಲ್ಲಿ ಬೂದು ಅಂಚು, ನೋಡಲು ಒಂದಕ್ಕಿಂತ ಒಂದು ಚಂದ. ಕೆಲವು ಎರಡು ದಿನ ನಿಲ್ಲುತ್ತವೆ ಕೂಡ. ತಾರಸಿಯಲ್ಲಿ ನಾನೂ ಇಟ್ಟಿದ್ದೇನೆ. ಆದರೆ ಊರ ದಾಸವಾಳದ ಗಟ್ಟಿತನ ಇವಕ್ಕಿಲ್ಲ. ಮಳೆ ಹೆಚ್ಚಾದರೆ ಬೇರು ಕೊಳೆಯುತ್ತದೆ, ಬಿಸಿಲು ಹೆಚ್ಚಾದರೆ ಮೊಗ್ಗು ಉದುರುತ್ತದೆ. ಕಸಿ ಗಿಡವಾದರೆ ಕಸಿಯ ಗಂಟಿಗಿಂತ ಕೆಳಗಿನಿಂದ ಬರುವ ಚಿಗುರನ್ನು ಚಿವುಟುತ್ತಲೇ ಇರಬೇಕು, ಇಲ್ಲದಿದ್ದರೆ ಬುಡದ ಕಾಡು ಗಿಡ ಮೇಲಿನದನ್ನು ನುಂಗುತ್ತದೆ. ಅತ್ತೆಯಂತೂ ಅವನ್ನು ದೇವರಿಗೆ ಏರಿಸುವುದಿಲ್ಲ. "ಇದೇನು ಹೂವೋ ಪ್ಲಾಸ್ಟಿಕ್ಕೋ" ಅನ್ನುತ್ತಾರೆ. ಪ್ಲಾಸ್ಟಿಕ್ ಅನ್ನುವ ಮಾತು ಬೋಗನ್‌ವಿಲ್ಲಾಕ್ಕೂ ಬಿದ್ದಿದೆ, ಅದು ಬೇರೆ ಮಾತು.

ಬೋಗನ್‌ವಿಲ್ಲಾ, ಅಂದರೆ ನಮ್ಮ ಕಾಗದದ ಹೂವು. ಒಂದು ಗೊಂಚಲು ಕಿತ್ತು ಅಂಗೈ ಮೇಲೆ ಇಟ್ಟು ನೋಡಿ. ಬಣ್ಣದ ಮೂರು ಎಸಳು ಕಾಣುತ್ತವೆ. ಬೆಳಕಿಗೆ ಹಿಡಿದರೆ ನಡುವೆ ಒಂದು ನರ, ಅದರಿಂದ ಕವಲೊಡೆದ ಸಣ್ಣ ನರಗಳು, ಪಕ್ಕಾ ಎಲೆಯದೇ ಕಟ್ಟು. ಎಲೆಯೇ ಅದು, ಬಣ್ಣ ಬಂದ ಎಲೆ. ನಿಜವಾದ ಹೂವು ಒಳಗಿದೆ: ಪ್ರತಿ ಬಣ್ಣದ ಎಲೆಯ ನಡುನರಕ್ಕೆ ಅಂಟಿಕೊಂಡು ಒಂದೊಂದು ಸಪೂರ ಕೊಳವೆ, ಅದರ ಬಾಯಲ್ಲಿ ಬಿಳಿಯ ಪುಟ್ಟ ನಕ್ಷತ್ರ. ಮೂರೂ ಒಟ್ಟಿಗೆ ಅರಳುವುದಿಲ್ಲ, ಒಂದಾದ ಮೇಲೆ ಒಂದು. ಸಂಜೆಮಲ್ಲಿಗೆ ಇದರದೇ ಕುಟುಂಬ ಅಂದರೆ ಮೊದಲು ನಂಬುವುದು ಕಷ್ಟ, ಆ ಕೊಳವೆ ನೋಡಿದ ಮೇಲೆ ನಂಬಬಹುದು. ಬಣ್ಣ ಎಲೆಯದ್ದಾದ ಕಾರಣ ಅದು ಒಂದು ದಿನದ ಮಾತಲ್ಲ, ವಾರಗಟ್ಟಲೆ ನಿಲ್ಲುತ್ತದೆ. ದಾಸವಾಳಕ್ಕಿಂತ ಇದು ಗೆಲ್ಲುವುದು ಇಲ್ಲೇ. ಫೆಬ್ರವರಿಯಿಂದ ಮೇವರೆಗೆ ನಮ್ಮ ಗೇಟಿನ ಗಿಡದಲ್ಲಿ ಹಸಿರೇ ಕಾಣುವುದಿಲ್ಲ. ವಿಳಾಸ ಹೇಳುವಾಗ "ಪಿಂಕ್ ಗಿಡದ ಮನೆ" ಅಂದರೆ ಸಾಕು, ಕೊರಿಯರ್ ಹುಡುಗರು ಫೋನ್ ಕೂಡ ಮಾಡುವುದಿಲ್ಲ.

ಇದರ ಹುಟ್ಟೂರು ದಕ್ಷಿಣ ಅಮೆರಿಕ. 1767ರಲ್ಲಿ ಬ್ರೆಜಿಲ್‌ನ ರಿಯೋ ಹತ್ತಿರ ಫ್ರೆಂಚ್ ಸಸ್ಯಶಾಸ್ತ್ರಜ್ಞ ಫಿಲಿಬೇರ್ ಕೊಮೆರ್ಸೋನ್ ಇದನ್ನು ಸಂಗ್ರಹಿಸಿ, ತಮ್ಮ ಹಡಗುಪಡೆಯ ನಾಯಕ ಬೋಗನ್‌ವಿಲ್ ಹೆಸರಿಟ್ಟರು. ಆ ಹಡಗಿನಲ್ಲಿ ಅವರ ಸಹಾಯಕನಾಗಿದ್ದವರು ಗಂಡಸಿನ ವೇಷ ಹಾಕಿದ್ದ ಜಾನ್ ಬಾರೆ ಎಂಬ ಹೆಂಗಸು. ಹೆಂಗಸರನ್ನು ಹಡಗಿಗೆ ಹತ್ತಿಸುತ್ತಿರಲಿಲ್ಲ. ಭೂಮಿಯನ್ನು ಸುತ್ತಿದ ಮೊದಲ ಮಹಿಳೆ ಅಂತ ಈಗ ಅವರ ಹೆಸರು ಹೇಳುತ್ತಾರೆ. ಗಿಡಕ್ಕೆ ನಾಯಕನ ಹೆಸರು ಸಿಕ್ಕಿತು, ಬೆಟ್ಟ ಹತ್ತಿ ಗಿಡ ಹೊತ್ತವರಿಗೆ ಸಿಗಲಿಲ್ಲ. ಮಗಳು ಇದನ್ನು ಹೇಳಿದ ಮೇಲೆ ಅತ್ತೆಗೆ ಆ ಗಿಡದ ಮೇಲೆ ಸ್ವಲ್ಪ ಕರುಣೆ ಬಂದಂತಿದೆ. ಅದಕ್ಕೆ ಮುಂಚೆ, "ಮುಳ್ಳಿನ ಗಿಡ ಬಾಗಿಲ ಮುಂದೆ ಬೇಡ" ಅನ್ನುವುದು ಅವರ ಹಟವಾಗಿತ್ತು. ಗುಲಾಬಿಗೆ ಮುಳ್ಳಿಲ್ವಾ ಅಜ್ಜಿ ಅಂದರೆ ಉತ್ತರ ಬರುತ್ತಿರಲಿಲ್ಲ.

ಈಗ ಸಾಕುವ ವಿಷಯ. ಬೋಗನ್‌ವಿಲ್ಲಾ ಸಾಕುವುದಕ್ಕೆ ಮುಖ್ಯವಾಗಿ ಬೇಕಾದದ್ದು ಏನೂ ಮಾಡದೆ ಇರುವ ತಾಳ್ಮೆ. ಎದುರು ಮನೆ ಆಂಟಿ ನಮ್ಮ ಜೊತೆಗೇ, ಅದೇ ಬಣ್ಣದ ಗಿಡ ತಂದರು. ದಿನಾ ಬೆಳಿಗ್ಗೆ ಎರಡು ಚೊಂಬು ನೀರು, ಹದಿನೈದು ದಿನಕ್ಕೊಮ್ಮೆ ಹಿಂಡಿ ನೀರು. ಗಿಡ ಹಸಿರು ಹಸಿರಾಗಿ ಮಹಡಿ ಮುಟ್ಟಿತು. ಹೂವು ಮಾತ್ರ ಇಲ್ಲ. "ನಿಮ್ಮದು ಹೇಗೆ ಬಿಡುತ್ತೆ, ಏನು ಹಾಕ್ತೀರಾ?" ಅಂತ ಕೇಳುತ್ತಲೇ ಇದ್ದರು. ಏನೂ ಹಾಕಲ್ಲ ಅಂದರೆ ಗುಟ್ಟು ಬಿಡುತ್ತಿಲ್ಲ ಅಂದುಕೊಂಡರು. ಆದರೆ ವಿಷಯ ಅಷ್ಟೇ. ನೀರು, ಸಾರಜನಕ ಧಾರಾಳವಾಗಿ ಸಿಕ್ಕರೆ ಈ ಗಿಡ ಎಲೆ ಬೆಳೆಸುತ್ತದೆ. ಮಣ್ಣು ಒಣಗಿ, ಬೇರು ಬಿಗಿಯಾಗಿ, ಬಿಸಿಲು ಸುಟ್ಟಾಗ ಎಲೆ ಬೆಳೆಸುವುದನ್ನು ಬಿಟ್ಟು ಹೂವಿಗೆ ಇಳಿಯುತ್ತದೆ. ಎಲೆ ಸ್ವಲ್ಪ ಜೋತುಬೀಳುವವರೆಗೆ ಕಾದು ಆಮೇಲೆ ಚೆನ್ನಾಗಿ ನೀರು ಕೊಡಬೇಕು, ಮತ್ತೆ ಕಾಯಬೇಕು. ಆರು ಗಂಟೆ ನೇರ ಬಿಸಿಲಂತೂ ಬೇಕೇ ಬೇಕು. ನೆರಳಲ್ಲಿಟ್ಟು ಹೂವು ಬಿಡಲಿಲ್ಲ ಅನ್ನುವವರಿಗೆ ನನ್ನ ಹತ್ತಿರ ಔಷಧಿಯಿಲ್ಲ. ಹೆದ್ದಾರಿಯ ಡಿವೈಡರ್‌ನಲ್ಲಿ ಹೊಗೆ, ದೂಳು, ಕಾದ ಡಾಂಬರಿನ ನಡುವೆ ಇದು ಹೇಗೆ ಬಿಟ್ಟಿರುತ್ತದೆ ಅಂತ ಒಮ್ಮೆ ಬಸ್ಸಿನ ಕಿಟಕಿಯಿಂದ ನೋಡಿ, ಎಲ್ಲ ಅರ್ಥವಾಗುತ್ತದೆ.

ಬೇಸಿಗೆ ರಜೆಯ ಪ್ರಶ್ನೆ ಕೇಳಿದ್ದು ಇದಕ್ಕೇ. ನಾವು ಊರಿಗೆ ಹೋಗಿ ಬರುವಷ್ಟರಲ್ಲಿ ತಾರಸಿಯ ದಾಸವಾಳ ಅರೆಜೀವವಾಗಿರುತ್ತದೆ. ಪಕ್ಕದಲ್ಲೇ ಇರುವ ಬೋಗನ್‌ವಿಲ್ಲಾ ಮೈತುಂಬ ಬಿಟ್ಟಿರುತ್ತದೆ. ನೋಡಿದರೆ ಸ್ವಲ್ಪ ಅವಮಾನವೇ ಆಗುತ್ತದೆ.

ಮಳೆಗಾಲದಲ್ಲಿ ಆಟ ಉಲ್ಟಾ. ಜೂನ್ ಕಳೆದರೆ ಬೋಗನ್‌ವಿಲ್ಲಾ ಬರೀ ಹಸಿರು ಪೊದೆ. ಉದ್ದುದ್ದ ಕೊಂಬೆಗಳನ್ನು ಗೊತ್ತುಗುರಿಯಿಲ್ಲದೆ ಬೀಸುತ್ತದೆ. ಅಲ್ಲೊಂದು ಇಲ್ಲೊಂದು ಗೊಂಚಲು ಬಿಟ್ಟರೆ ಅದೇ ಪುಣ್ಯ. ಮೈಸೂರಿನ ಮಳೆಗೇ ಹೀಗಾದರೆ ಮಲೆನಾಡು, ಕರಾವಳಿಯವರು ಯೋಚನೆ ಮಾಡಿ. ಅಲ್ಲಿ ಇದನ್ನು ಕುಂಡದಲ್ಲಿಟ್ಟು, ಮಳೆ ನೇರ ಬೀಳದ ಆದರೆ ಬಿಸಿಲು ಬರುವ ಕಡೆ ಇಡುವುದು ವಾಸಿ. ದಾಸವಾಳಕ್ಕೆ ಮಳೆಗಾಲ ಹಬ್ಬ, ಬುಡದಲ್ಲಿ ನೀರು ನಿಲ್ಲದಿದ್ದರೆ ಆಯಿತು.

ಇನ್ನು ಕತ್ತರಿಸುವುದು. ಎರಡೂ ಹೊಸ ಚಿಗುರಿನ ಮೇಲೆಯೇ ಹೂ ಬಿಡುವ ಗಿಡಗಳು, ಹಾಗಾಗಿ ಕತ್ತರಿ ಎರಡಕ್ಕೂ ಬೇಕು. ದಾಸವಾಳವನ್ನು ಮಾತಾಡುತ್ತಾ ಕತ್ತರಿಸಬಹುದು. ಬೋಗನ್‌ವಿಲ್ಲಾ ಕತ್ತರಿಸುವುದು ಒಂದು ಯುದ್ಧ. ಎಲೆಯ ಕಂಕುಳಲ್ಲಿ ಒಂದೊಂದು ಬಾಗಿದ ಮುಳ್ಳು, ಬಲಿತರೆ ಚಪ್ಪಲಿಯ ಅಟ್ಟೆಯನ್ನೂ ದಾಟುತ್ತದೆ. ಮೊಣಕೈವರೆಗಿನ ಗ್ಲೌಸ್ ಇಲ್ಲದೆ ಹತ್ತಿರ ಹೋಗಬೇಡಿ. ಕತ್ತರಿಸಿದ್ದನ್ನು ಎಲ್ಲಿ ಹಾಕುವುದು ಅನ್ನುವುದು ಆಮೇಲಿನ ತಲೆನೋವು. ಕಸದ ಗಾಡಿಯವರು ಮುಟ್ಟುವುದಿಲ್ಲ, ಮುಟ್ಟಿ ಅನ್ನಲು ನಮಗೂ ಬಾಯಿ ಬರುವುದಿಲ್ಲ. ನಾವು ತಾರಸಿಯ ಮೂಲೆಯಲ್ಲಿ ಒಣಗಿಸಿ ಬಚ್ಚಲೊಲೆಗೆ ಹಾಕುತ್ತೇವೆ. ಬಚ್ಚಲೊಲೆ ಇಲ್ಲದ ಮನೆಯವರು ಮೊದಲೇ ಇದನ್ನು ಯೋಚಿಸಿ. ಮಳೆ ಮುಗಿದ ಮೇಲೆ, ದೀಪಾವಳಿ ಹೊತ್ತಿಗೆ ಒಂದು ಸಲ ಮೈ ಇಳಿಸಿ ಒಂದಿಷ್ಟು ಗೊಬ್ಬರ ಕೊಟ್ಟು ಆಮೇಲೆ ನೀರು ಕಮ್ಮಿ ಮಾಡಿದರೆ ಸಂಕ್ರಾಂತಿ ಆಚೀಚೆ ಬಣ್ಣ ಶುರುವಾಗುತ್ತದೆ.

ಪಕ್ಕದ ಮನೆಯ ಪ್ರಶ್ನೆಗೆ ಬರುತ್ತೇನೆ. ದಾಸವಾಳ ಉದುರಿದರೆ ನಿಮ್ಮ ಅಂಗಳದಲ್ಲೇ ಬೀಳುತ್ತದೆ, ಗುಡಿಸಿದರೆ ಮುಗಿಯಿತು. ಬೋಗನ್‌ವಿಲ್ಲಾದ ಒಣಗಿದ ಬಣ್ಣದೆಲೆಗೆ ತೂಕವೇ ಇಲ್ಲ. ಏಪ್ರಿಲ್ ಗಾಳಿಗೆ ಎದ್ದು ಪಕ್ಕದವರ ವರಾಂಡ, ಸಂಪಿನ ಮುಚ್ಚಳ, ಕಾರಿನ ಬಾನೆಟ್, ಮಳೆನೀರಿನ ಪೈಪು, ಎಲ್ಲ ಕಡೆ ಹೋಗಿ ಕೂರುತ್ತದೆ. ಮೊದಲ ವರ್ಷ ಅವರು "ಎಷ್ಟು ಚೆನ್ನಾಗಿದೆ ನಿಮ್ಮ ಗಿಡ" ಅಂದರು. ಎರಡನೇ ವರ್ಷ ಪೊರಕೆ ಹಿಡಿದುಕೊಂಡು ನಮ್ಮ ಕಡೆ ನೋಡಿದರು. ಈಗ ಆ ಕಾಲದಲ್ಲಿ ಅವರ ಮನೆ ಮುಂದಿನದನ್ನೂ ನಾವೇ ಗುಡಿಸುತ್ತೇವೆ, ಯುಗಾದಿಗೆ ಒಬ್ಬಟ್ಟು ಸ್ವಲ್ಪ ಜಾಸ್ತಿ ಕಳಿಸುತ್ತೇವೆ. ಮುದ್ದೆ ಮುದ್ದೆಯಾಗಿ ಬಿಡುವ ಮಹಾರಾ ಜಾತಿಯ ಡಬಲ್ ಬೋಗನ್‌ವಿಲ್ಲಾ ಹಾಕಿದರೆ ಇಷ್ಟು ಉದುರುವುದಿಲ್ಲ. ಆದರೆ ಅದರದ್ದು ಬೇರೆ ರಗಳೆ. ಒಣಗಿದ ಗೊಂಚಲು ಕಂದು ಬಣ್ಣಕ್ಕೆ ತಿರುಗಿ ಗಿಡದಲ್ಲೇ ಅಂಟಿಕೊಂಡಿರುತ್ತದೆ. ನಾವೇ ಕೈಯಾರೆ ಬಿಡಿಸಬೇಕು, ಮುಳ್ಳಿನ ನಡುವೆ ಕೈ ಹಾಕಿ.

ರೋಗ ಹುಳದ ವಿಷಯದಲ್ಲಿ ಬೋಗನ್‌ವಿಲ್ಲಾಕ್ಕೆ ಹತ್ತಕ್ಕೆ ಒಂಬತ್ತು. ಎಲೆಯ ಅಂಚನ್ನು ಕಚ್ಚಿ ಕಚ್ಚಿ ತಿನ್ನುವ ಸಣ್ಣ ಹಸಿರು ಕಂಬಳಿಹುಳ ಒಂದಿದೆ, ರಾತ್ರಿ ಕೆಲಸ ಮಾಡುತ್ತದೆ. ಬೇವಿನೆಣ್ಣೆ ಸಾಕು. ಬೇರೆ ಯಾವುದಕ್ಕೂ ನಾನು ಅದರ ಹಿಂದೆ ಓಡಿಲ್ಲ.

ಖರೀದಿ ಬಗ್ಗೆ. ನಮ್ಮ ಕಡೆ ಊರ ದಾಸವಾಳದ ಗಿಡ 60ರಿಂದ 80 ರೂಪಾಯಿ, ಕಡ್ಡಿ ಸಿಕ್ಕರೆ ಅದೂ ಉಳಿಯಿತು. ಹೈಬ್ರಿಡ್ ಆದರೆ 200ರಿಂದ 350. ಬೋಗನ್‌ವಿಲ್ಲಾ ರಾಣಿ ಬಣ್ಣದ್ದು 100ರ ಆಸುಪಾಸು. ಬಿಳಿ, ಹಳದಿ, ಕಿತ್ತಳೆಗೆ ಅದಕ್ಕಿಂತ ಜಾಸ್ತಿ. ಒಂದೇ ಬುಡಕ್ಕೆ ಮೂರ್ನಾಲ್ಕು ಬಣ್ಣ ಕಸಿ ಕಟ್ಟಿದ್ದಕ್ಕೆ ಸಾವಿರದ ಮೇಲೆ ಹೇಳುತ್ತಾರೆ. ಆ ಕಸಿಯದ್ದು ನನಗೆ ಅಷ್ಟಾಗಿ ಇಷ್ಟವಿಲ್ಲ. ಅದರಲ್ಲಿ ಜೋರಾದ ಬಣ್ಣ ಒಂದು ಉಳಿದವನ್ನು ಹಿಂದೆ ಹಾಕುತ್ತದೆ. ಎರಡು ಬಣ್ಣ ಬೇಕಾದರೆ ಮೇರಿ ಪಾಮರ್ ಕೇಳಿ. ಕಸಿಯಿಲ್ಲದೆಯೇ ಒಂದೇ ಗಿಡದಲ್ಲಿ ಬಿಳಿಯೂ ಗುಲಾಬಿಯೂ ಬಿಡುತ್ತದೆ, ಒಮ್ಮೊಮ್ಮೆ ಒಂದೇ ಗೊಂಚಲಲ್ಲಿ. ಅದರದೇ ಇನ್ನೊಂದು ರೂಪ ತಿಮ್ಮ. ಹೌದು, ಹೆಸರೇ ತಿಮ್ಮ, ನಮ್ಮ ಲಾಲ್‌ಬಾಗ್‌ನಲ್ಲಿ ಹುಟ್ಟಿದ್ದು. ಎಲೆಯ ಮಧ್ಯೆ ಹಳದಿ ಮಚ್ಚೆ, ಹೂವಿಲ್ಲದ ಮಳೆಗಾಲದಲ್ಲೂ ನೋಡಲು ಏನಾದರೂ ಇರುತ್ತದೆ. ಮಳೆಗಾಲದ ಬೋರು ತಪ್ಪಿಸಿಕೊಳ್ಳಲು ನನಗೆ ಗೊತ್ತಿರುವ ಒಳ್ಳೆ ದಾರಿ ಇದೇ.

ಹೆಸರಿಟ್ಟ ಒಳ್ಳೆ ತಳಿಗಳಿಗೆ ನಮ್ಮಲ್ಲಿ ಬರವಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಎರಡು ಗಿಡಗಳಲ್ಲೂ ತಳಿ ಮಾಡಿದೆ. ಬೋಗನ್‌ವಿಲ್ಲಾದಲ್ಲಿ ಚಿತ್ರಾವತಿ, ಪರ್ಪಲ್ ವಂಡರ್, ದಾಸವಾಳದಲ್ಲಿ ಅನುರಾಧಾ, ಚಿತ್ರಲೇಖಾ, ನರ್ತಕಿ, ಟ್ರೈಬಲ್ ಕ್ವೀನ್. ಇಷ್ಟು ಚಂದದ ಹೆಸರುಗಳು. ಬೀದಿಬದಿಯ ನರ್ಸರಿಯಲ್ಲಿ ಕೇಳಿ ನೋಡಿ, "ರೆಡ್ ಇದೆ, ಪಿಂಕ್ ಇದೆ, ಯಾವ್ದು ಕೊಡ್ಲಿ" ಅಂತಾರೆ. ರಿಂಗ್ ರಸ್ತೆಯ ಒಂದು ನರ್ಸರಿಯವರು ಹಳದಿ ಅಂತ ಚೀಟಿ ಕಟ್ಟಿ ಕೊಟ್ಟ ಬೋಗನ್‌ವಿಲ್ಲಾ ನಮ್ಮ ತಾರಸಿಯಲ್ಲಿ ರಾಣಿ ಬಣ್ಣ ಬಿಟ್ಟುಕೊಂಡು ಕೂತಿದೆ. ಕೇಳಲು ಹೋದರೆ, "ನಿಮ್ಮ ನೀರಿಗೆ ಬಣ್ಣ ಬದಲಾಗಿರಬೇಕು ಮೇಡಂ" ಅಂದರು. ಕಾವೇರಿ ನೀರಿಗೆ ಇಂಥ ಶಕ್ತಿಯಿದೆ ಅಂತ ಅವತ್ತೇ ಗೊತ್ತಾದದ್ದು. ಹೂವಿರುವ ಕಾಲದಲ್ಲಿ, ಹೂವಿರುವ ಗಿಡವನ್ನೇ ಕಣ್ಣಾರೆ ನೋಡಿ ತಗೊಳ್ಳಿ. ಬೋಗನ್‌ವಿಲ್ಲಾಕ್ಕೆ ಫೆಬ್ರವರಿ, ಮಾರ್ಚ್ ಸರಿಯಾದ ಕಾಲ. ದಸರಾ ಫಲಪುಷ್ಪ ಪ್ರದರ್ಶನಕ್ಕೆ ಕುಪ್ಪಣ್ಣ ಪಾರ್ಕಿಗೆ ಹೋದಾಗ ಹೊರಗೆ ಮಾರುವವರ ಹತ್ತಿರ ಮುಗಿಬೀಳುತ್ತಾರಲ್ಲ ಜನ, ಆಗ ದಾಸವಾಳ ತಗೊಂಡರೆ ಪರವಾಗಿಲ್ಲ. ಎಲೆಯ ಅಡಿ ತಿರುಗಿಸಿ ನೋಡಿ. ಒಂದೇ ಒಂದು ಬಿಳಿ ಚುಕ್ಕೆ ಕಂಡರೂ ಬಿಟ್ಟುಬಿಡಿ, ಅದು ಮನೆಯ ಉಳಿದ ಗಿಡಗಳಿಗೂ ಹತ್ತುತ್ತದೆ.

ನೆಡುವಾಗ ಬೋಗನ್‌ವಿಲ್ಲಾದ ಬೇರಿನ ಮಣ್ಣು ಒಡೆಯಬಾರದು. ಇಷ್ಟು ಗಟ್ಟಿ ಗಿಡಕ್ಕೆ ಇರುವ ಒಂದೇ ಒಂದು ನಾಜೂಕು ಇದು. ಕವರ್ ಅನ್ನು ಬ್ಲೇಡಿನಲ್ಲಿ ಸೀಳಿ ಹೆಂಟೆಯ ಸಮೇತ ಇಳಿಸಬೇಕು. ಮಣ್ಣಿಗೆ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ ಬೇಡ, ಅದು ನೀರು ಹಿಡಿದಿಡುತ್ತದೆ. ಕೆಮ್ಮಣ್ಣು, ಮರಳು, ಸ್ವಲ್ಪ ಗೊಬ್ಬರ ಸಾಕು. ಕುಂಡ ಸಣ್ಣದಾದಷ್ಟೂ ಒಳ್ಳೆಯದು. ದಾಸವಾಳಕ್ಕೆ ಕನಿಷ್ಠ 14 ಇಂಚಿನ ಕುಂಡ ಕೊಡಿ, ಇಕ್ಕಟ್ಟಾದರೆ ಮುನಿಸಿಕೊಳ್ಳುತ್ತದೆ.

ಹಾಗಾದರೆ ಯಾವುದು? ಪೂಜೆ ಮಾಡುವ, ಬೆಳಿಗ್ಗೆ ಗಿಡದ ಹತ್ತಿರ ಹತ್ತು ನಿಮಿಷ ನಿಲ್ಲುವ, ಎಲೆ ತಿರುಗಿಸಿ ನೋಡುವ ಒಬ್ಬರು ಮನೆಯಲ್ಲಿದ್ದರೆ ಕಣ್ಣು ಮುಚ್ಚಿಕೊಂಡು ದಾಸವಾಳ, ಅದರಲ್ಲೂ ಊರ ಕೆಂಪು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ರಾತ್ರಿ ಸೇರುವವರಾದರೆ, ಸಂಪಿನಲ್ಲಿ ನೀರಿಗೆ ತತ್ವಾರವಿದ್ದರೆ, ಮನೆ ಪಶ್ಚಿಮಕ್ಕೋ ದಕ್ಷಿಣಕ್ಕೋ ಇದ್ದರೆ ಬೋಗನ್‌ವಿಲ್ಲಾ. ಮನೆಯಲ್ಲಿ ನಡೆಯಲು ಕಲಿಯುತ್ತಿರುವ ಮಗು ಇದ್ದರೆ ಬೋಗನ್‌ವಿಲ್ಲಾ ಹಾಕುವುದನ್ನು ಇನ್ನೊಂದೆರಡು ವರ್ಷ ಮುಂದೂಡಿ. ನಮ್ಮ ಮನೆಯಲ್ಲಿ ಒಂದನ್ನು ಕಿತ್ತುಹಾಕಲೇಬೇಕು ಅಂದರೆ? ಕಷ್ಟದ ಪ್ರಶ್ನೆ. ಫೆಬ್ರವರಿಯಲ್ಲಿ ಕೇಳಿದರೆ ಒಂದು ಉತ್ತರ, ಆಷಾಢದಲ್ಲಿ ಕೇಳಿದರೆ ಇನ್ನೊಂದು. ವರ್ಷದ ಹನ್ನೆರಡು ತಿಂಗಳ ಲೆಕ್ಕ ಹಾಕಿದರೆ ನನ್ನ ಓಟು ದಾಸವಾಳಕ್ಕೆ, ಹಿಟ್ಟುತಿಗಣೆ ಸಮೇತ.

ದಾಸವಾಳದ ಕಡ್ಡಿ ಬೇಕಾದವರು ಜೂನ್ ಕೊನೆಗೆ ಕೇಳಿ, ಮಳೆ ಹಿಡಿದ ಮೇಲೆ ಕೊಟ್ಟರೆ ಚೆನ್ನಾಗಿ ಹತ್ತುತ್ತದೆ. ಪೆನ್ಸಿಲ್ ದಪ್ಪದ ಕಡ್ಡಿ, ಒಂದು ಗೇಣುದ್ದ, ಮೇಲೆ ಎರಡೇ ಎಲೆ ಬಿಟ್ಟು ಉಳಿದದ್ದು ತೆಗೆದು ನೆರಳಲ್ಲಿ ಊರಿ. ರಾಣಿ ಬಣ್ಣದ ಬೋಗನ್‌ವಿಲ್ಲಾ ಕಡ್ಡಿಯೂ ಸಿಗುತ್ತದೆ, ಗ್ಲೌಸ್ ನೀವೇ ತರಬೇಕು. ಹೈಬ್ರಿಡ್ ದಾಸವಾಳದ ಕಡ್ಡಿ ಮಾತ್ರ ಕೇಳಬೇಡಿ, ಅದು ನೆಟ್ಟರೂ ಸುಲಭಕ್ಕೆ ಹತ್ತುವುದಿಲ್ಲ. ಮತ್ತೆ ಬೆಳಿಗ್ಗೆ ಆರಕ್ಕೆ ಮುಂಚೆ ಕವರ್ ಹಿಡಿದುಕೊಂಡು ಬರಬೇಡಿ, ಅತ್ತೆ ಬಾಗಿಲ ಹಿಂದೆಯೇ ಇರುತ್ತಾರೆ.